ಬೆನ್ನ ಮ್ಯಾಲಿನ ಏಂಜಲ್, ಆಯಿ ಗದ್ದದ ಚುಕ್ಕಿ (ಭಾಗ 4)

ಗಾರ್ಡಿಯನ್ ಏಂಜಲ್ ಟ್ಯಾಟೂ ಗೊತ್ತಲ್ಲ? ಎರಡು ರೆಕ್ಕೆ, ಬಾಗಿದ ತಲೆ, ಕೆಳಗ ಒಂದು ಹೆಸರು. ಫುಟ್‌ಬಾಲ್ ಆಟಗಾರ ಡೇವಿಡ್ ಬೆಕಮ್ ಬೆನ್ನ ಮ್ಯಾಲೂ ಅಂಥಾದ್ದೇ ಅದ, ಮಕ್ಕಳ ಹೆಸರಿನ ಸಂಗಡ. ನನ್ನವರನ್ನ ಯಾರೋ ಕಾಯ್ಲತ್ತಾರ ಅನ್ನೋದು ಅದರ ಅರ್ಥ.

ಒಂದು ಮಜಾ ಕೇಳ್ರಿ. ಮೊದಮೊದಲು ಕ್ರೈಸ್ತರು ಬರೆದ ಏಂಜಲ್‌ಗಳಿಗೆ ರೆಕ್ಕೆನೇ ಇರಲಿಲ್ಲ. ಅವು ಬಂದದ್ದು ನಾಲ್ಕನೇ ಶತಮಾನದ ಕೊನೆಗೆ. ನೋಡ್ಲಕ ಗ್ರೀಕ್-ರೋಮನ್ನರ ವಿಜಯದೇವತೆ ರೆಕ್ಕೆ ಇದ್ದಂಗೇ ಅವ.

ಈಗ ನಮ್ಮೂರಿಗೆ ಬರ್ರಿ. ಸುರಪುರ, ಶಹಾಪುರ, ಯಾದಗಿರಿ ಸುತ್ತ ಯಾವ ಹಳ್ಳಿಗೆ ಹೋದ್ರೂ ವಯಸ್ಸಾದ ಹೆಣ್ಣುಮಕ್ಕಳ ಮುಂಗೈ, ಹಣಿ, ಗದ್ದ ನೋಡ್ರಿ. ಅದು ಹಚ್ಚಿ. ಅದೂ ಕಾವಲಿಂದೇ, ಆದ್ರ ಕಾಯೋರ ಚಿತ್ರ ಅಲ್ಲಿಲ್ಲ. ಗದ್ದದ ಚುಕ್ಕಿ ಕೆಟ್ಟ ದೃಷ್ಟಿಗೆ. ಕೈ ಮ್ಯಾಲಿನ ಚೇಳು ವಿಷ ಏರಬಾರದಂತ. ತೊಟ್ಟಿಲು, ತುಳಸಿಕಟ್ಟಿ ಮನಿ ತುಂಬಿರಲಿ ಅಂತ. ಏಂಜಲ್ ಬೆನ್ನ ಹಿಂದ ನಿಂತ್ರ, ನಮ್ಮ ಹಚ್ಚಿ ಎದುರಿಗೇ ಕಾಣೋ ಜಾಗದಾಗ ಕುಂತದ. ದೃಷ್ಟಿ ಎದುರಿಂದ ಬರ್ತದಲ್ಲ, ಅದಕ್ಕ ಈ ಡಿಸೈನೇ ನನಗ ಹೆಚ್ಚು ಬುದ್ಧಿವಂತ ಅನಸ್ತದ.

ಸತ್ತಾಗ ಬಂಗಾರ ಬಿಚ್ಚತಾರ, ಹಚ್ಚಿ ಮಾತ್ರ ಸಂಗಡ ಬರ್ತದ ಅಂತಿದ್ರು ಹಿರಿಯರು. ಬಿಕಾಂ ಭಾಷಾದಾಗ ಹೇಳ್ಬೇಕಂದ್ರ ಇದು ಒತ್ತಿ ಇಡ್ಲಕ ಬರಲಾರದ, ಟ್ರಾನ್ಸ್‌ಫರ್ ಮಾಡ್ಲಕ ಬರಲಾರದ ಆಸ್ತಿ. ಗಂಡಾಗಲಿ ಸಾಹುಕಾರಾಗಲಿ ಕಸ್ಕೊಳ್ಳಲಾರದ್ದು ಇದೊಂದೇ.

ಹಚ್ಚಿ ಹಸಿರು ಯಾಕ? ಹಾಕಿದ್ದು ದೀಪದ ಕಪ್ಪು ಮಸಿನೇ, ಸೊಪ್ಪಿನ ರಸದಾಗ ಕಲಸಿ. ಚರ್ಮದ ಕೆಳಗ ಇಳಿದ ಮ್ಯಾಲ ಅದು ಹಸಿರು-ನೀಲಿ ಆಗಿ ಕಾಣ್ತದ. ಮೂರ್ನಾಲ್ಕು ಸೂಜಿ ಕೂಡಿಸಿ ಕಟ್ಟಿ ಚುಚ್ಚೋದು, ನೋವು ಮರೀಲಿ ಅಂತ ಹಾಡು ಹೇಳೋದು, ಕೊನೆಗೆ ಅರಿಶಿಣ. ಕೂಲಿ ಕಾಳು-ಕಡಿ.

ಈ ಕೆಲಸ ಮಾಡಿದೋರು ಹೆಚ್ಚಾಗಿ ಕೊರವರ ಹೆಣ್ಣುಮಕ್ಕಳು. ಊರೂರು ತಿರುಗಿ ಎಲ್ಲರ ಮೈಗೂ ಕಾವಲು ಬರೆದವರು. ಅವರನ್ನ ಯಾರು ಕಾದ್ರು?

1871ರಾಗ ಬ್ರಿಟಿಷರು ಕ್ರಿಮಿನಲ್ ಟ್ರೈಬ್ಸ್ ಆಕ್ಟ್ ತಂದ್ರು. ಒಂದು ಜಾತ್ಯಾಗ ಹುಟ್ಟಿದ್ರ ಸಾಕು, ಕಳ್ಳ ಅಂತ ಪಟ್ಟಿದಾಗ ಹೆಸರು. 1911ರ ಕಾಯ್ದೆ ಪ್ರಕಾರ ಬೆರಳಚ್ಚು ಕೊಡ್ಬೇಕು, ಪೊಲೀಸರಿಗೆ ಹಾಜರಿ ಹಾಕ್ಬೇಕು. ಬ್ರಿಟಿಷರ ಕೈಯಾಗಿದ್ದ ಊರುಗಳಲ್ಲಿ ಕೊರವರ ಎಷ್ಟೋ ಗುಂಪುಗಳು ಈ ಪಟ್ಟಿಗೆ ಸೇರಿದವು. ಆಗ ಸುರಪುರ ನಿಜಾಮನ ರಾಜ್ಯದಾಗ ಇತ್ತು, ಪಕ್ಕದ ವಿಜಯಪುರ ಬ್ರಿಟಿಷರ ಮುಂಬೈ ಪ್ರಾಂತ್ಯದಾಗ. ಅಲ್ಲಿ, ಹುಬ್ಬಳ್ಳಿಯಲ್ಲಿ ಇಂಥಾ ಜನರನ್ನ ಇಡ್ಲಕ ಸೆಟ್ಲಮೆಂಟ್ ಕಟ್ಟಿದ್ರು. ಹುಬ್ಬಳ್ಳಿದಾಗ ಆ ಹೆಸರು ಇನ್ನೂ ಉಳಿದದ. ಊರಿನ ಕೈಗೆಲ್ಲ ಮಸಿ ಹಚ್ಚಿದೋರ ಬೆರಳಿಗೆ ಸರಕಾರ ಮಸಿ ಹಚ್ಚಿತು. ಕಾಯ್ದೆ ರದ್ದಾಗಿದ್ದು 1952ರ ಆಗಸ್ಟ್ 31ಕ್ಕ. ಕಳ್ಳರು ಅನ್ನೋ ಬೈಗುಳ ಮಾತ್ರ ಬಸ್ಸಿನಾಗ ಇವತ್ತೂ ಕೇಳ್ತದ.

ಕರೆಂಟಿನ ಟ್ಯಾಟೂ ಮಷೀನ್‌ಗೆ ನ್ಯೂಯಾರ್ಕಿನ ಸ್ಯಾಮ್ಯುಯೆಲ್ ಓ'ರೈಲಿ 1891ರಾಗ ಪೇಟೆಂಟ್ ತಗೊಂಡ. ಅವನ ಹೆಸರು ದಾಖಲಾಗ್ಯದ. ನಿಮ್ಮ ಆಯಿ ಕೈಗೆ ಹಚ್ಚಿ ಹಾಕಿದಾಕಿ ಹೆಸರು ಯಾವ ಪುಸ್ತಕದಾಗೂ ಸಿಗಂಗಿಲ್ಲ. ಆಯಿಗೆ ನೆನಪಿರಬಹುದು, ಇವತ್ತೇ ಕೇಳ್ರಿ. ಆಯಿ ಒಪ್ಪಿದ್ರ ಹಚ್ಚಿ ಫೋಟೋ ತಗದು, ಯಾವ ಚಿತ್ರಕ್ಕ ಏನಂತಾರ ಅಂತ ಬರ್ದು ಕಳಿಸ್ರಿ. ಭಾಗ 5 ಅದರಿಂದಾನೇ ಮಾಡೋಣ.