ಮಾರಿದ ತಾಯಿ ಎಲ್ಲಿ ಹೋದಳು?

ಷೇಕ್ಸ್‌ಪಿಯರನ 'ಕಾಮಿಡಿ ಆಫ್ ಎರರ್ಸ್' ನಾಟಕವನ್ನು 1869ರಲ್ಲಿ ವಿದ್ಯಾಸಾಗರರು ಬಂಗಾಲಿಗೆ ಇಳಿಸಿದರು. ಅದು 1963ರಲ್ಲಿ 'ಭ್ರಾಂತಿಬಿಲಾಸ್' ಸಿನಿಮಾ ಆಯಿತು. 1982ರಲ್ಲಿ ಗುಲ್ಜಾರರ ಹಿಂದಿ 'ಅಂಗೂರ್', 1997ರಲ್ಲಿ ಎನ್.ಎಸ್. ಶಂಕರರ ಕನ್ನಡ 'ಉಲ್ಟಾ ಪಲ್ಟಾ' ಬಂದವು.

ನಾಟಕದಲ್ಲಿ ಒಂದೇ ಮುಖದ ಇಬ್ಬರು ಧಣಿಗಳು, ಒಂದೇ ಮುಖದ ಇಬ್ಬರು ಆಳುಗಳು. ತಪ್ಪು ಯಾರದೇ ಇರಲಿ, ಪೆಟ್ಟು ಆಳಿನ ಬೆನ್ನಿಗೆ. ನಗುವವರು ನಾವು. ಆ ಆಳುಗಳು ಎಲ್ಲಿಂದ ಬಂದರು? ಬಡವಿಯೊಬ್ಬಳು ಹೆತ್ತ ಅವಳಿಗಳನ್ನು ವ್ಯಾಪಾರಿಯೊಬ್ಬ ತನ್ನ ಅವಳಿ ಮಕ್ಕಳ ಚಾಕರಿಗೆಂದು ದುಡ್ಡು ಕೊಟ್ಟು ಕೊಂಡಿದ್ದ. ತೊಟ್ಟಿಲಲ್ಲೇ ಜೀತ!

ಧುಪದಾಳದ ನಮ್ಮ ಮನೆಯಾಗ 'ಉಲ್ಟಾ ಪಲ್ಟಾ' ನೋಡಿ ಅವ್ವ ಕಣ್ಣಾಗ ನೀರು ಬರೂವಂಗ ನಕ್ಕಳು. ಆಮೇಲೆ ನಾಟಕದ ಈ ಮಾತು ಹೇಳಿದೆ. ಸುಮ್ಮನಾದಳು.

"ಮಕ್ಕಳನ್ನ ಮಾರಿದಾಕಿ ಕಡೀಕರ ಬರ್ತಾಳೇನೋ ತಮ್ಮಾ?"

ಬರುವುದಿಲ್ಲ. ಧಣಿಗಳ ತಾಯಿ ಮಠದಿಂದ ಹೊರಬಂದು ಗಂಡ ಮಕ್ಕಳನ್ನು ಕೂಡಿಕೊಳ್ಳುತ್ತಾಳೆ. ಆಳುಗಳ ತಾಯಿಯನ್ನು ಯಾರೂ ನೆನೆಯುವುದಿಲ್ಲ.

ಗೆಳೆಯರೇ, ನಮ್ಮ ದೇಶದಲ್ಲಿ ಜೀತ ರದ್ದತಿಯ ಕಾಯ್ದೆ ಬಂದದ್ದೇ 1976ರಲ್ಲಿ. ನಾಟಕ ಮತ್ತೆ ತೆರೆಗೆ ಬರಲಿ, ನಗೋಣ. ಆದರೆ ಕೊನೆಯ ದೃಶ್ಯದಲ್ಲಿ ಆ ಬಡವಿಯೂ ಬಂದು ನಿಲ್ಲಲಿ. ಅವ್ವ ಇನ್ನೂ ಕಾಯಾಕ್ಹತ್ಯಾಳ.