ಮ್ಯಾಂಕ್ಸ್ ಜನ ಮತ್ತು ಭಾಷೆ

ಬ್ರಿಟನ್ ಮತ್ತು ಐರ್ಲೆಂಡ್‌ಗಳ ನಡುವಿನ ಐರಿಷ್ ಸಮುದ್ರದಲ್ಲಿರುವ ಐಲ್ ಆಫ್ ಮ್ಯಾನ್ ದ್ವೀಪದ ಜನಾಂಗ. ದ್ವೀಪ ಬ್ರಿಟಿಷ್ ಅರಸೊತ್ತಿಗೆಗೆ ಅಧೀನವಾದರೂ ಯುನೈಟೆಡ್ ಕಿಂಗ್‌ಡಮ್‌ನ ಭಾಗವಲ್ಲ. ಅದರ ಸಂಸತ್ತು ಟಿನ್‌ವಾಲ್ಡ್, 1266ರವರೆಗಿನ ನಾರ್ಸ್ ಆಳ್ವಿಕೆಯ ಬಳುವಳಿ.

ಮ್ಯಾಂಕ್ಸ್ ಕೆಲ್ಟಿಕ್ ಭಾಷೆ. ಐರಿಷ್, ಸ್ಕಾಟಿಷ್ ಗೇಲಿಕ್‌ಗಳ ಸೋದರಿ. ಕಾಗುಣಿತ ಮಾತ್ರ ಬಹುಮಟ್ಟಿಗೆ ಇಂಗ್ಲಿಷ್ ರೂಢಿಯದು. ಹಾಗಾಗಿ ಕಿವಿಗೆ ಹತ್ತಿರವೆನಿಸುವ ನುಡಿ ಐರಿಷ್ ಓದುಗರ ಕಣ್ಣಿಗೆ ಅಪರಿಚಿತ. ಹದಿನೆಂಟನೆಯ ಶತಮಾನದಲ್ಲಿ ಬೈಬಲ್ ಈ ಭಾಷೆಗೆ ಬಂತು. ಹತ್ತೊಂಬತ್ತರಲ್ಲಿ ಶಾಲೆ, ವ್ಯಾಪಾರಗಳೆಲ್ಲ ಇಂಗ್ಲಿಷಾಗಿ, ಹೆತ್ತವರು ಮಕ್ಕಳಿಗೆ ಮನೆಮಾತನ್ನೇ ಕಲಿಸದಾದರು. ಈ ನಷ್ಟ ದೊಡ್ಡದು. ಮನೆಯಲ್ಲೇ ಅದನ್ನು ಕಲಿತವರಲ್ಲಿ ಕೊನೆಯವನೆಂದು ಗುರುತಿಸಲಾದ ಮೀನುಗಾರ ನೆಡ್ ಮ್ಯಾಡ್ರೆಲ್ 1974ರಲ್ಲಿ ತೀರಿಕೊಂಡ.

ಅಷ್ಟಕ್ಕೇ ಭಾಷೆ ಮುಗಿಯಲಿಲ್ಲ. 1948ರಲ್ಲಿ ಐರಿಷ್ ಜಾನಪದ ಆಯೋಗ ಹಿರಿಯರ ಮಾತನ್ನು ಧ್ವನಿಮುದ್ರಿಸಿಕೊಂಡಿತ್ತು. ಆಸಕ್ತರು ಅವರ ಬಳಿ ಕೂತು ಕಲಿತಿದ್ದರು. ಪುನರುಜ್ಜೀವನದ ನಿಜವಾದ ಶ್ರೇಯ ಈ ಕಲಿಕೆಗೇ ಸಲ್ಲಬೇಕು. 2001ರಲ್ಲಿ ಮ್ಯಾಂಕ್ಸ್ ಮಾಧ್ಯಮದ ಪ್ರಾಥಮಿಕ ಶಾಲೆ ಆರಂಭವಾಯಿತು. 2009ರಲ್ಲಿ ಯುನೆಸ್ಕೊ ಭಾಷೆ ಅಳಿದಿದೆ ಎಂದಾಗ ಆ ಶಾಲೆಯ ಮಕ್ಕಳು ಮ್ಯಾಂಕ್ಸ್‌ನಲ್ಲೇ ಪತ್ರ ಬರೆದು ಪ್ರತಿಭಟಿಸಿದರು; ವರ್ಗೀಕರಣ ಬದಲಾಯಿತು. 2011ರ ಜನಗಣತಿಯಲ್ಲಿ 1,800ಕ್ಕೂ ಹೆಚ್ಚು ಮಂದಿ ತಮಗೆ ಮ್ಯಾಂಕ್ಸ್ ಬರುತ್ತದೆಂದು ಹೇಳಿದ್ದಾರೆ.