ಕರ್ನಾಟಕದ ‘ಮಿನಿ ಇರಾನ್’ ಅಲಿಪುರ: ಇಲ್ಲಿನ ಭಾಷೆ ಫಾರ್ಸಿಯೇ? ಜನಸಂಖ್ಯೆ ಎಷ್ಟು, ಇದು ಹಳ್ಳಿಯೋ ಪಟ್ಟಣವೋ?

ಚಿಕ್ಕಬಳ್ಳಾಪುರ: ಇರಾನ್‌ನಲ್ಲಿ ಏನೇ ನಡೆದರೂ ಗೌರಿಬಿದನೂರು ತಾಲ್ಲೂಕಿನ ಅಲಿಪುರ ಸುದ್ದಿಗೆ ಬರುತ್ತದೆ. ಶಿಯಾ ಮುಸ್ಲಿಮರೇ ಬಹುಸಂಖ್ಯೆಯಲ್ಲಿರುವ ಈ ಊರಿಗೆ ‘ಮಿನಿ ಇರಾನ್’ ಎಂಬ ಹೆಸರೂ ಇದೆ. ಆದರೆ ಸರ್ಕಾರದ ದಾಖಲೆಯಲ್ಲಿ ಇದರ ಸ್ಥಾನವೇನು? ಇಲ್ಲಿದೆ ಮಾಹಿತಿ.

ಇರಾನ್ ನಂಟು ಹೇಗೆ?

ಬೆಂಗಳೂರಿನಿಂದ ಸುಮಾರು 75 ಕಿ.ಮೀ. ದೂರದ ಅಲಿಪುರ ಹರಳು ಕೆತ್ತನೆ ಮತ್ತು ವ್ಯಾಪಾರಕ್ಕೆ ಹೆಸರುವಾಸಿ. ಧಾರ್ಮಿಕ ಶಿಕ್ಷಣಕ್ಕೆ ಇಲ್ಲಿನ ಯುವಕರು ಇರಾನ್‌ನ ಕುಮ್ ನಗರಕ್ಕೂ, ವೈದ್ಯಕೀಯ ಶಿಕ್ಷಣಕ್ಕೆ ಟೆಹರಾನ್‌ಗೂ ಹೋಗುತ್ತಾರೆ. ಮುಂದೆ ಇರಾನ್‌ನ ಪರಮೋಚ್ಚ ನಾಯಕರಾದ ಅಲಿ ಖಮೇನಿ 1980ರ ದಶಕದಲ್ಲಿ ಇಲ್ಲಿಗೆ ಭೇಟಿ ನೀಡಿದ್ದರು. 2025ರ ಜೂನ್‌ನಲ್ಲಿ ಇಸ್ರೇಲ್–ಇರಾನ್ ಸಂಘರ್ಷ ನಡೆದಾಗ ಅಲ್ಲಿದ್ದ ಮಕ್ಕಳಿಗಾಗಿ ಊರಿನ ಮನೆಗಳು ಆತಂಕದಿಂದ ಕಾದಿದ್ದವು. ಆಗ ಕೇಂದ್ರ ಸರ್ಕಾರ ‘ಆಪರೇಷನ್ ಸಿಂಧು’ ಮೂಲಕ ಭಾರತೀಯರನ್ನು ಕರೆತಂದಿತು.

ಮನೆಮಾತು ಯಾವುದು?

ಅಲಿಪುರದ ಮನೆಮಾತು ಫಾರ್ಸಿಯಲ್ಲ, ಉರ್ದು. ಹೊರಗಿನ ವ್ಯವಹಾರಕ್ಕೆ ಕನ್ನಡವಿದೆ. ಇರಾನ್‌ನಲ್ಲಿ ಓದಿ ಬಂದವರಿಗೆ ಫಾರ್ಸಿ ಕಲಿತ ಭಾಷೆ. ದೇಶದಲ್ಲೇ ಫಾರ್ಸಿ ಮಾತೃಭಾಷಿಕರು ಕಡಿಮೆ. 2001ರ ಜನಗಣತಿಯ ಭಾಷಾ ಪಟ್ಟಿಯಲ್ಲಿದ್ದ ಫಾರ್ಸಿಯನ್ನು, ಮಾತನಾಡುವವರು 10 ಸಾವಿರಕ್ಕಿಂತ ಕಡಿಮೆಯಾದ ಕಾರಣ 2011ರ ಪಟ್ಟಿಯಿಂದ ಕೈಬಿಡಲಾಯಿತು. ತಹಶೀಲ್ದಾರ್, ಶಿರಸ್ತೇದಾರ್, ಜಮಾಬಂದಿ ಎನ್ನುವಾಗ ನಾವೆಲ್ಲ ಆಡುವುದು ಮಾತ್ರ ಫಾರ್ಸಿಯಿಂದ ಬಂದ ಪದಗಳನ್ನೇ.

ಜನಸಂಖ್ಯೆ ಹೆಚ್ಚಿದ್ದರೆ ಪಟ್ಟಣವೇ?

ಅಲಿಪುರದ ಜನಸಂಖ್ಯೆ 20ರಿಂದ 25 ಸಾವಿರ ಎಂದು ಸುದ್ದಿಗಳಲ್ಲಿ ಹೇಳಲಾಗುತ್ತದೆ. ಆದರೂ ಆಡಳಿತ ಗ್ರಾಮ ಪಂಚಾಯಿತಿಯದ್ದು. ಕಾಯ್ದೆಯ ಪ್ರಕಾರ ಸಾಮಾನ್ಯವಾಗಿ 5ರಿಂದ 7 ಸಾವಿರ ಜನರಿಗೆ ಒಂದು ಗ್ರಾಮ ಪಂಚಾಯಿತಿ, 400 ಜನರಿಗೆ ಒಬ್ಬ ಸದಸ್ಯ.

ಕರ್ನಾಟಕ ಪೌರಸಭೆಗಳ ಕಾಯ್ದೆ–1964ರ ಮಾನದಂಡಗಳು ಹೀಗಿವೆ:

* ಪಟ್ಟಣ ಪಂಚಾಯಿತಿ: 10ರಿಂದ 20 ಸಾವಿರ ಜನಸಂಖ್ಯೆ, ಚದರ ಕಿ.ಮೀ.ಗೆ ಕನಿಷ್ಠ 400 ಜನರ ಸಾಂದ್ರತೆ
* ಪುರಸಭೆ: 20ರಿಂದ 50 ಸಾವಿರ ಜನಸಂಖ್ಯೆ, ಚದರ ಕಿ.ಮೀ.ಗೆ ಕನಿಷ್ಠ 1,500 ಜನರ ಸಾಂದ್ರತೆ
* ಎರಡಕ್ಕೂ ಕನಿಷ್ಠ ಶೇ 50ರಷ್ಟು ಉದ್ಯೋಗ ಕೃಷಿಯೇತರವಾಗಿರಬೇಕು

ಇಲ್ಲಿ ‘ಜನಸಂಖ್ಯೆ’ ಎಂದರೆ ಅಧಿಕೃತ ಜನಗಣತಿಯ ಅಂಕಿ. ಸದ್ಯಕ್ಕೆ ಅದು 2011ರದ್ದು. ಮಾನದಂಡ ತಲುಪಿದರೂ ಊರು ತಾನಾಗಿಯೇ ಪಟ್ಟಣವಾಗುವುದಿಲ್ಲ. ಸರ್ಕಾರ ಕರಡು ಅಧಿಸೂಚನೆ ಹೊರಡಿಸಿ, ಆಕ್ಷೇಪಣೆ ಆಲಿಸಿ, ಬಳಿಕ ಅಂತಿಮ ಅಧಿಸೂಚನೆ ಹೊರಡಿಸಬೇಕು.

ಬದಲಾದರೆ ಏನಾಗುತ್ತದೆ?

ಪಿಡಿಒ ಬದಲು ಮುಖ್ಯಾಧಿಕಾರಿ ಬರುತ್ತಾರೆ. ಆಸ್ತಿ ದಾಖಲೆ ಇ-ಸ್ವತ್ತುವಿನಿಂದ ಇ-ಆಸ್ತಿಗೆ ಹೋಗುತ್ತದೆ. ಒಳಚರಂಡಿ, ಬೀದಿದೀಪ, ಕುಡಿಯುವ ನೀರಿಗೆ ನಗರ ಯೋಜನೆಗಳ ಅನುದಾನ ಸಿಗುತ್ತದೆ. ಜೊತೆಗೆ ತೆರಿಗೆ ಏರಬಹುದು. ಗ್ರಾಮೀಣ ಉದ್ಯೋಗ ಖಾತರಿ ಕೆಲಸ ಸಿಗುವುದಿಲ್ಲ. ಹರಳು ವ್ಯಾಪಾರಿಗೆ ಲಾಭವಾಗುವ ಬದಲಾವಣೆ ಕೂಲಿಕಾರರಿಗೆ ನಷ್ಟವಾಗಬಹುದು.

ಮುಂದಿನ ಜನಗಣತಿ ಏಕೆ ಮುಖ್ಯ?

ಹೊಸ ಜನಗಣತಿಗೆ 2027ರ ಮಾರ್ಚ್ 1 ಆಧಾರ ದಿನ. ಎಣಿಕೆಯ ಇಡೀ ಅವಧಿಯಲ್ಲಿ ಹೊರದೇಶದಲ್ಲೇ ಇರುವವರು ಮನೆಯ ಲೆಕ್ಕಕ್ಕೆ ಸೇರುವುದಿಲ್ಲ. ಓದಲು, ವ್ಯಾಪಾರಕ್ಕೆಂದು ಹೊರದೇಶಕ್ಕೆ ಹೋಗುವವರಿರುವ ಅಲಿಪುರಕ್ಕೆ ಇದು ಸಣ್ಣ ವಿಷಯವಲ್ಲ. ಊರಿನವರು ಹೇಳುವ ಸಂಖ್ಯೆಗೂ ಸರ್ಕಾರ ಬರೆದುಕೊಳ್ಳುವ ಸಂಖ್ಯೆಗೂ ಅಂತರ ಬೀಳಬಹುದು. ‘ಮಿನಿ ಇರಾನ್’ ಎಂಬ ಹೆಸರು ಏನೇ ಇರಲಿ, ಊರಿನ ಮುಂದಿನ ಸ್ಥಾನಮಾನಕ್ಕೆ ಆಧಾರವಾಗುವುದು ಆ ಸಂಖ್ಯೆಯೇ.